ಹಾಡು ಮತ್ತು ಅದರ ಒಡೆಯರು

ಒಂದು ಹಾಡಿನ ಅರ್ಥಕ್ಕೆ ಒಡೆಯರು ಯಾರು? ಕಟ್ಟಿದ ಕವಿಯೇ, ಹಾಡಿದ ಗಾಯಕಿಯೇ, ಕೇಳಿ ಎದೆಗಿಳಿಸಿಕೊಂಡ ಜನರೇ? ಪ್ರಶ್ನೆಯು ಕಾವ್ಯಮೀಮಾಂಸೆಯಷ್ಟೇ ಹಳೆಯದು. ಆದರೆ ಪಾಶ್ಚಾತ್ಯ ದೇಶಗಳ ಜನಪ್ರಿಯ ಸಂಗೀತದಲ್ಲಿ ಅದು ಒಂದು ವಿಶೇಷ ರೂಪದಿಂದ ನಮ್ಮೆದುರು ನಿಂತಿರುವುದು. ಸಲಿಂಗಾನುರಾಗಿಗಳೂ ಲಿಂಗಾಂತರಿಗಳೂ ಅಲ್ಲಿ ಕೆಲವು ಹಾಡುಗಳನ್ನು ತಮ್ಮ ಸಮುದಾಯಗೀತೆಗಳೆಂದು ಅಂಗೀಕರಿಸಿರುವರು. ದೇಶದಲ್ಲಿ ರಾಷ್ಟ್ರಗೀತೆಗೆ ಯಾವ ಮರ್ಯಾದೆಯೋ ಅವರಲ್ಲಿ ಈ ಹಾಡುಗಳಿಗೆ ಅದೇ ಮರ್ಯಾದೆ. ಮೆರವಣಿಗೆಯಲ್ಲಿ, ನೃತ್ಯಶಾಲೆಯಲ್ಲಿ, ಗೆಳೆಯನನ್ನು ಮಣ್ಣುಮಾಡಿ ಬಂದವರ ಕೂಟದಲ್ಲಿ ಕೂಡ ಅವು ಕೇಳಿಬರುವುವು. ಆಶ್ಚರ್ಯದ ಸಂಗತಿಯೇನೆಂದರೆ, ಇವುಗಳಲ್ಲಿ ಬಹಳಷ್ಟು ಹಾಡುಗಳನ್ನು ಯಾರೂ ಅವರಿಗಾಗಿ ಬರೆದಿರಲಿಲ್ಲ. ಮಕ್ಕಳ ಚಲಚ್ಚಿತ್ರದ ಒಂದು ಹಾಡು, ಪ್ರಿಯನು ತೊರೆದುಹೋದ ಹೆಂಗಸಿನ ಒಂದು ಹಾಡು, ಇಂಥವೇ ಅವರ ಬಾಯಲ್ಲಿ ನೆಲೆನಿಂತಿರುವುವು.

ಇದನ್ನು ಕಂಡು ಕೆಲವರು, "ಇದು ಹಾಡಿನ ಅಪಾರ್ಥ; ಇಲ್ಲದುದನ್ನು ಕೇಳುಗರು ತುರುಕಿರುವರು" ಎನ್ನುವರು. ಮತ್ತೆ ಕೆಲವರು, "ಕೇಳುಗನಿಗೆ ತೋಚಿದುದೇ ಅರ್ಥ, ವಿಮರ್ಶಕನಿಗೆ ಇಲ್ಲಿ ಕೆಲಸವಿಲ್ಲ" ಎನ್ನುವರು. ಈ ಎರಡು ಮತಗಳೂ ನಮಗೆ ಸಮ್ಮತವಲ್ಲ. ಇಂಥ ಅರ್ಥವನ್ನು ಹಾಡು ತಾನೇ ಹೊರಬಲ್ಲುದೇ ಎಂಬುದನ್ನು ಅದರ ಮಾತು, ಮಟ್ಟು, ಸಂದರ್ಭಗಳಿಂದ ಪರೀಕ್ಷಿಸಬಹುದೆಂದೂ, ಹಾಗೆ ಪರೀಕ್ಷಿಸಿದರೆ ಮರೆಯಲ್ಲಿ ನುಡಿಯುವ ಹಾಡಿನ ಬಲವೂ ಅದರ ಕೊರತೆಯೂ ಒಟ್ಟಿಗೆ ಕಾಣುವುವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಪರೀಕ್ಷೆಗೆ ಬೇಕಾದ ಉಪಕರಣವು ನಮ್ಮ ಆಲಂಕಾರಿಕರಲ್ಲಿಯೇ ಸಿದ್ಧವಾಗಿದೆ. ವ್ಯಂಗ್ಯಾರ್ಥವು ಹೊಳೆಯುವುದಕ್ಕೆ ಕಾರಣಗಳನ್ನು ಎಣಿಸುವಾಗ ಮಮ್ಮಟನು ನುಡಿಯುವವನನ್ನು ಮಾತ್ರವಲ್ಲದೆ ಕೇಳುವವನನ್ನೂ, ಪ್ರಸಂಗವನ್ನೂ, ದೇಶಕಾಲಗಳನ್ನೂ ಎಣಿಸಿರುವನು. ಹೊತ್ತು ಮುಳುಗಿತೆಂಬ ಒಂದೇ ಮಾತು ದನಗಾಹಿಗೆ ಹಟ್ಟಿಯ ದಾರಿಯನ್ನೂ, ಅಭಿಸಾರಿಕೆಗೆ ಸಂಕೇತಸ್ಥಾನವನ್ನೂ, ಕಾದು ಕುಳಿತ ಸೈನಿಕನಿಗೆ ದಾಳಿಯ ಸಮಯವನ್ನೂ ಸೂಚಿಸುವುದೆಂಬುದು ಈ ಶಾಸ್ತ್ರದಲ್ಲಿ ಪ್ರಸಿದ್ಧವಾದ ಉದಾಹರಣೆ. ಇಲ್ಲಿ ಯಾರೂ ಅಪಾರ್ಥ ಮಾಡಿಲ್ಲ. ಯಾವ ಅರ್ಥವೂ ಮಾತಿಗೆ ಹೊರಗಿನದಲ್ಲ. ಕೇಳುವವನ ಬಾಳು ಎಂಥದೋ ಅದರಂತೆ ಮಾತು ಬೆಳಗಿತು, ಅಷ್ಟೆ.

ಮೊದಲು "ಓವರ್ ದಿ ರೇನ್‌ಬೋ", ಎಂದರೆ ಕಾಮನಬಿಲ್ಲಿನಾಚೆ, ಎಂಬ ಹಾಡನ್ನು ತೆಗೆದುಕೊಳ್ಳೋಣ. ೧೯೩೯ರಲ್ಲಿ ತೆರೆಕಂಡ "ದಿ ವಿಝರ್ಡ್ ಆಫ್ ಆಝ್" ಚಿತ್ರಕ್ಕಾಗಿ ಹೆರಾಲ್ಡ್ ಆರ್ಲನ್ ಮಟ್ಟು ಕಟ್ಟಿದನು. ಯಿಪ್ ಹಾರ್ಬರ್ಗ್ ಮಾತು ಬರೆದನು. ಹದಿನಾರು ವರ್ಷದ ಜೂಡಿ ಗಾರ್ಲಂಡ್ ಹಾಡಿದಳು. ಚಿತ್ರದ ಓಟ ಕುಂದುವುದೆಂದು ನಿರ್ಮಾಪಕ ಸಂಸ್ಥೆಯವರು ಇದನ್ನು ಕತ್ತರಿಸಿಹಾಕುವುದರಲ್ಲಿದ್ದರು. ಉಳಿದುಕೊಂಡ ಹಾಡಿಗೆ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಸಂದರ್ಭವನ್ನು ನೋಡಿರಿ: ಬಣ್ಣವಿಲ್ಲದ ಬಯಲುಸೀಮೆಯ ಹೊಲಮನೆಯಲ್ಲಿ ಡೊರೊಥಿಯೆಂಬ ಹುಡುಗಿಯ ದುಃಖವನ್ನು ಕೇಳಲು ಹಿರಿಯರಿಗೆ ಬಿಡುವಿಲ್ಲ. ತೊಂದರೆಯಿಲ್ಲದ ಎಡೆಯೊಂದು ಎಲ್ಲಿಯಾದರೂ ಇದ್ದೀತೇ ಎಂದು ಅವಳು ಒಬ್ಬಳೇ ಹಾಡಿಕೊಳ್ಳುವಳು. ಮುಂದೆ ಬಣ್ಣದ ನಾಡಿನಲ್ಲಿ ಅವಳಿಗೆ ದೊರೆಯುವ ಗೆಳೆಯರಾದರೋ ಒಂದೊಂದು ಕೊರತೆಯಿಂದ ಜನ ಕೈಬಿಟ್ಟವರು. ಅವಳು ಅವರನ್ನು ಇದ್ದಂತೆಯೇ ಒಪ್ಪಿಕೊಳ್ಳುವಳು.

ಇನ್ನು ಮಟ್ಟು. ಮೊದಲ ಶಬ್ದದ ಮೊದಲ ಎರಡು ಅಕ್ಷರಗಳಲ್ಲಿಯೇ ಸ್ವರವು ಷಡ್ಜದಿಂದ ತಾರಷಡ್ಜಕ್ಕೆ ಹಾರುವುದು. ಮೆಟ್ಟಲು ಹತ್ತದೆ ಮಾಡಿನಿಂದ ಮುಗಿಲಿಗೆ ನೆಗೆದಂತೆ! ಎರಡನೆಯ ಸಲ ನೆಗೆಯುವಾಗ ಅಷ್ಟು ಎತ್ತರ ಸಿಕ್ಕುವುದಿಲ್ಲ. ಕಡೆಯಲ್ಲಿ ಹಾಡು ಉತ್ತರವಿಲ್ಲದ ಒಂದು ಪ್ರಶ್ನೆಯಾಗಿ ನಿಲ್ಲುವುದು. ಹಂಬಲವು ಇಲ್ಲಿ ಮಾತಿಗಿಂತ ಮೊದಲು ಸ್ವರದಲ್ಲಿಯೇ ಇದೆ. ಮನೆಯವರೆದುರು ತನ್ನ ಸ್ವಭಾವವನ್ನು ಬಚ್ಚಿಟ್ಟು ಬದುಕಿದ ತರುಣನೊಬ್ಬನು ಇದನ್ನು ಕೇಳಿ "ಇದು ನನ್ನದು" ಎಂದರೆ, ಅವನು ಹಾಡಿಗೆ ಏನನ್ನು ಹೊಸದಾಗಿ ಸೇರಿಸಿದಂತಾಯಿತು? ಆ ಕಾಲದಲ್ಲಿ ಇಂಥವರು ತಮ್ಮೊಳಗೆ ಒಬ್ಬರನ್ನೊಬ್ಬರು "ಡೊರೊಥಿಯ ಗೆಳೆಯ"ರೆಂದು ಗುಟ್ಟಾಗಿ ಕರೆದುಕೊಳ್ಳುತ್ತಿದ್ದರು. ಗಾರ್ಲಂಡಳ ನೋವಿನ ಬಾಳು, ೧೯೬೧ರ ಏಪ್ರಿಲಿನಲ್ಲಿ ಕಾರ್ನೆಗಿ ಹಾಲಿನಲ್ಲಿ ನಡೆದಂಥ ಅವಳ ಕಚೇರಿಗಳು, ಈ ಬಂಧವನ್ನು ಇನ್ನೂ ಬಿಗಿಗೊಳಿಸಿದುವು. ಅವಳು ೧೯೬೯ರ ಜೂನ್ ೨೨ರಂದು ತೀರಿಕೊಂಡಳು. ಅದೇ ವಾರದ ಕೊನೆಗೆ ನ್ಯೂಯಾರ್ಕಿನ ಸ್ಟೋನ್‌ವಾಲ್ ಪಾನಗೃಹದಲ್ಲಿ ಪೋಲೀಸರ ದಾಳಿಗೆ ಎದುರುಬಿದ್ದ ಜನರ ದಂಗೆಯು ಅವಳ ಶೋಕದಿಂದಲೇ ಹುಟ್ಟಿತೆಂದು ಹೇಳುವ ಕಥೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಕಥೆಯಿಲ್ಲದೆಯೂ ಹಾಡಿನ ಬೆಲೆ ಕುಂದುವುದಿಲ್ಲವಾದ್ದರಿಂದ ನಾವು ಅದನ್ನು ಬಿಟ್ಟುಬಿಡಬಹುದು.

ಎರಡನೆಯದು "ಐ ವಿಲ್ ಸರ್ವೈವ್", ನಾನು ಬದುಕಿ ಉಳಿಯುವೆನು ಎಂಬ ಅರ್ಥದ್ದು. ೧೯೭೮ರಲ್ಲಿ ಗ್ಲೋರಿಯಾ ಗೇನರ್ ಹಾಡಿದ ಇದರ ಜನ್ಮವೃತ್ತಾಂತವು ಧ್ವನಿತತ್ತ್ವಕ್ಕೆ ಒಂದು ಪಾಠದಂತಿದೆ. ಮಾತು ಬರೆದ ಡಿನೊ ಫೆಕಾರಿಸನು ಮೋಟೌನ್ ಎಂಬ ಪ್ರಸಿದ್ಧ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಕಳೆದುಕೊಂಡವನು. ಬದುಕಿಯೇ ತೀರುವೆನೆಂಬ ಹಟವು ಮೊದಲು ಹುಟ್ಟಿದ್ದು ಆ ಸಂಕಟದಲ್ಲಿ. ಫ್ರೆಡಿ ಪೆರನ್ನನೊಡನೆ ಕೂಡಿ ಅವನು ಅದನ್ನು ಪ್ರಿಯನಿಂದ ಪರಿತ್ಯಕ್ತಳಾದ ಹೆಣ್ಣಿನ ಮಾತಾಗಿ ಕಟ್ಟಿದನು. ಹಾಡಿದವಳಾದರೋ ರಂಗದ ಮೇಲೆ ಬಿದ್ದು ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದವಳು. ಬೆನ್ನಿಗೆ ಆಸರೆಯ ಪಟ್ಟಿ ಕಟ್ಟಿಕೊಂಡೇ ಅವಳು ಧ್ವನಿಮುದ್ರಣಕ್ಕೆ ನಿಂತಳು. ಸಂಸ್ಥೆಯವರು ಇದನ್ನು ಮುದ್ರಿಕೆಯ ಹಿಂಬದಿಗೆ ಹಾಕಿದರು. ನೃತ್ಯಶಾಲೆಗಳಲ್ಲಿ ಮುದ್ರಿಕೆ ನುಡಿಸುವವರು ಅದನ್ನು ತಿರುವಿಹಾಕಿ ನುಡಿಸಿದರು. ೧೯೭೯ರ ಮಾರ್ಚಿನಲ್ಲಿ ಅದು ಅಮೆರಿಕದ ಜನಪ್ರಿಯ ಗೀತೆಗಳಲ್ಲಿ ಮೊದಲನೆಯದಾಯಿತು. ಕೆಲಸ ಹೋದವನ ಹಟ, ಪರಿತ್ಯಕ್ತೆಯ ಹಟ, ನೋವುಂಡ ಗಾಯಕಿಯ ಹಟ: ಹಾಡು ಜನರ ಕೈಸೇರುವುದರೊಳಗಾಗಿಯೇ ಮೂರು ಬಾಳುಗಳ ಅರ್ಥವನ್ನು ಹೊತ್ತಿದ್ದಿತು.

ನಾಲ್ಕನೆಯ ಅರ್ಥವನ್ನು ಕಾಲವೇ ತಂದಿತು. ೧೯೮೧ರಲ್ಲಿ ಏಡ್ಸ್ ರೋಗವು ಮೊದಲ ಬಾರಿಗೆ ವರದಿಯಾಯಿತು. ೧೯೯೬ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪರಿಣಾಮಕಾರಿಯಾದ ಚಿಕಿತ್ಸೆಯು ಬರುವವರೆಗೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ತರುಣರು ಸಾಲುಸಾಲಾಗಿ ಸತ್ತರು. ಪ್ರಣಯಭಂಗದಲ್ಲಿ ಲಕ್ಷಣೆಯಾಗಿದ್ದ "ಬದುಕಿ ಉಳಿಯುವೆನು" ಎಂಬ ಮಾತು ಆ ವರ್ಷಗಳಲ್ಲಿ ಅಕ್ಷರಶಃ ಸತ್ಯವಾದ ವಾಚ್ಯಾರ್ಥಕ್ಕೆ ತಿರುಗಿತು. ವಾಚ್ಯದಿಂದ ವ್ಯಂಗ್ಯಕ್ಕೆ ಹೋಗುವುದು ಕಾವ್ಯದ ಸಾಮಾನ್ಯ ದಾರಿ. ಇಲ್ಲಿ ಕೇಳುಗರ ದುರ್ದೈವವು ಹಾಡನ್ನು ಎದುರು ದಾರಿಯಲ್ಲಿ ನಡೆಯಿಸಿತು. ಈ ಭಾರವನ್ನು ಹೊರುವ ಶಕ್ತಿ ಅದರ ಕಟ್ಟಿನಲ್ಲಿದೆ. ಮೊದಲಲ್ಲಿ ತಾಳದ ಬಿಗಿಯಿಲ್ಲ. ಕಂಠವು ಆಲಾಪದಂತೆ ತನ್ನ ಭೀತಿಯನ್ನು ಒಪ್ಪಿಕೊಳ್ಳುವುದು. ಬಳಿಕ ತಾಳ ಕೂಡಿಕೊಳ್ಳುವುದು. ಆಮೇಲೆ ಕಡೆಯತನಕ ಒಂದೇ ಸ್ವರಮೇಳಗಳ ಸರಪಣಿ ಸುತ್ತಿಸುತ್ತಿ ಬರುವುದು. ನುಡಿಗೂ ಪಲ್ಲವಿಗೂ ಅದೇ ಆಧಾರ. ಕೆಳಗಿನ ಲೋಕ ಬದಲಾಗುವುದಿಲ್ಲ, ಮೇಲಿನ ದನಿಯ ಧೈರ್ಯ ಮಾತ್ರ ಹೆಚ್ಚುತ್ತಹೋಗುವುದು. ಬದಲಾಗದ ಲೋಕದಲ್ಲಿ ಧೈರ್ಯವನ್ನೇ ಬೆಳೆಸಿಕೊಳ್ಳಬೇಕಾದವರಿಗೆ ಇದಕ್ಕಿಂತ ಒಪ್ಪುವ ಕಟ್ಟು ಯಾವುದು?

ಈ ಎರಡು ಹಾಡುಗಳಿಗೂ ಸಾಮಾನ್ಯವಾದ ಒಂದು ವ್ಯಾಕರಣವಿಶೇಷವನ್ನು ವಾಚಕರು ಗಮನಿಸಬೇಕು. ಎರಡರಲ್ಲಿಯೂ ನುಡಿಯುವುದು "ನಾನು", ಕೇಳುವುದು "ನೀನು". ಅವನು, ಅವಳು ಎಂಬ ಶಬ್ದಗಳಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಭಾಷೆಯಂತೆ ಇಂಗ್ಲಿಷಿನಲ್ಲಿಯೂ ಉತ್ತಮ ಮಧ್ಯಮ ಪುರುಷಗಳ ಸರ್ವನಾಮಗಳಿಗೆ ಲಿಂಗವಿಲ್ಲ. ಆದುದರಿಂದ ಯಾರು ಬೇಕಾದರೂ ಆ "ನಾನು"ವಿನೊಳಗೆ ಪ್ರವೇಶಿಸಬಹುದು. ದಾಸರ ಪದವನ್ನು ಹಾಡುವ ಗೃಹಿಣಿಯು ಅಲ್ಲಿಯ "ನಾನು" ಎಂಬುದು ಪುರಂದರದಾಸರೆಂದು ಎಣಿಸಿ ದೂರ ನಿಲ್ಲುವಳೇ? ಅದು ಅವಳದೇ ಮೊರೆಯಾಗುವುದು. ಸಮುದಾಯಗೀತೆಗಳೆಲ್ಲವೂ ಹೀಗೆಯೇ ಇವೆಯೆಂದು ನಾವು ಹೇಳುವುದಿಲ್ಲ. ಆದರೆ ಬಹುಕಾಲ ಬಾಳಿದವುಗಳಲ್ಲಿ ಈ ತೆರೆದ ಬಾಗಿಲು ಮತ್ತೆ ಮತ್ತೆ ಕಾಣುವುದು.

"ಇಷ್ಟು ಸುತ್ತು ಬಳಸು ಏಕೆ? ತಮ್ಮ ಮಾತನ್ನು ತಾವೇ ನೇರವಾಗಿ ಹಾಡಿಕೊಳ್ಳಬಾರದಾಗಿತ್ತೇ?" ಎಂದು ಯಾರಾದರೂ ಕೇಳಬಹುದು. ನೇರವಾಗಿ ಹಾಡಿದವರೂ ಉಂಟು. ಅವರ ಗತಿಯನ್ನು ನೋಡೋಣ. ೧೯೨೦ರಲ್ಲಿ ಬರ್ಲಿನ್ ನಗರದಲ್ಲಿ "ದಾಸ್ ಲಿಲಾ ಲೀಡ್", ಎಂದರೆ ನೇರಿಳೆಬಣ್ಣದ ಹಾಡು, ಪ್ರಕಟವಾಯಿತು. ಕುರ್ಟ್ ಶ್ವಾಬಾಕನ ಮಾತು. ಮಿಶಾ ಸ್ಪೋಲಿಯಾನ್ಸ್ಕಿಯ ಮಟ್ಟು. ಸಂಗೀತಗಾರನು ಮಾತ್ರ ಆರ್ನೊ ಬಿಲ್ಲಿಂಗ್ ಎಂಬ ಮರೆಹೆಸರಿನಿಂದ ಪ್ರಕಟಿಸಿದನು. ಅದು ಸಲಿಂಗಾನುರಾಗಿಗಳಿಗಾಗಿಯೇ ಬರೆದ ಹಾಡು. "ನಾವು" ಎಂದು ಬಹುವಚನದಲ್ಲಿ ಎದೆಯೆತ್ತಿ ನುಡಿಯುವ ಹಾಡು. ಇವರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ವೈದ್ಯನಾದ ಮಾಗ್ನುಸ್ ಹಿರ್ಷ್‌ಫೆಲ್ಡನಿಗೆ ಅದನ್ನು ಅರ್ಪಿಸಲಾಗಿದ್ದಿತು. ಜರ್ಮನಿಯ ದಂಡಸಂಹಿತೆಯ ೧೭೫ನೆಯ ವಿಧಿಯು ಪುರುಷರ ಸಲಿಂಗಸಂಬಂಧವನ್ನು ಅಪರಾಧವೆಂದು ಎಣಿಸುತ್ತಿದ್ದ ಕಾಲದಲ್ಲಿ ಇಂಥ ಹಾಡು ಹೊರಬಂದುದು ಸಾಮಾನ್ಯವಾದ ಸಾಹಸವಲ್ಲ. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಮೇ ೬ರಂದು ಹಿರ್ಷ್‌ಫೆಲ್ಡನ ಸಂಶೋಧನಾಲಯವನ್ನು ಲೂಟಿಮಾಡಿದರು. ಕೆಲವು ದಿನಗಳಲ್ಲಿ ಅಲ್ಲಿಯ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟರು. ಯೆಹೂದ್ಯನಾದ ಸ್ಪೋಲಿಯಾನ್ಸ್ಕಿಯು ಲಂಡನ್ನಿಗೆ ಹೊರಟುಹೋದನು. ಇನ್ನು ಆ ಹಾಡಿಗೆ ಅಲ್ಲಿ ಎಡೆಯೆಲ್ಲಿ?

ಅಮೆರಿಕದಲ್ಲಿಯೂ ೧೯೩೪ರಿಂದ ಬಿಗಿಯಾಗಿ ನಡೆದ ಚಲಚ್ಚಿತ್ರ ನಿಯಮಾವಳಿಯು ಈ ವಿಷಯದ ಸೂಚನೆಯನ್ನು ಕೂಡ ನಿಷೇಧಿಸಿದ್ದಿತು. ದೇಶದಾದ್ಯಂತ ಸಲಿಂಗಸಂಬಂಧವು ದಂಡನೆಯಿಂದ ಬಿಡುಗಡೆ ಹೊಂದಿದುದು ೨೦೦೩ರಲ್ಲಿ. ನಮ್ಮ ದೇಶದಲ್ಲಿ ೧೮೬೦ರ ದಂಡಸಂಹಿತೆಯ ೩೭೭ನೆಯ ಕಲಮಿನ ಭಯದಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಸರ್ವೋಚ್ಚ ನ್ಯಾಯಾಲಯವು ಪಾರುಮಾಡಿದುದು ೨೦೧೮ರ ಸೆಪ್ಟೆಂಬರ್ ೬ರಂದು. ಧ್ವನ್ಯಾಲೋಕದಲ್ಲಿ ಆನಂದವರ್ಧನನು ತೆಗೆದುಕೊಂಡಿರುವ ಒಂದು ಪ್ರಾಕೃತ ಗಾಥೆಯು ಇಲ್ಲಿ ನೆನಪಾಗುವುದು. ಗೋದಾವರಿಯ ತೀರದಲ್ಲಿ ತನ್ನ ಸಂಕೇತಸ್ಥಾನಕ್ಕೆ ದಿನವೂ ಬರುವ ಧಾರ್ಮಿಕನೊಬ್ಬನಿಗೆ ಹೆಣ್ಣೊಬ್ಬಳು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಸಿಂಹವು ಕೊಂದಿತು, ಇನ್ನು ನಿರ್ಭಯವಾಗಿ ತಿರುಗಾಡೆಂದು ಹೇಳುವಳು. ಹೊರಗೆ ಆಹ್ವಾನ, ಒಳಗೆ ನಿಷೇಧ; ಆ ಮರೆಮಾತಿನಿಂದಲೇ ಅವಳ ಪ್ರೇಮದ ತಾಣ ಉಳಿಯಿತು. ಮರೆಯ ಹಾಡುಗಳೂ ಈ ಸಮುದಾಯಕ್ಕೆ ಇಂಥ ರಕ್ಷಣೆಯನ್ನು ಕೊಟ್ಟುವು. ಕಾಮನಬಿಲ್ಲಿನ ಹಾಡನ್ನು ಎಲ್ಲರೆದುರು ಗುನುಗಬಹುದಾಗಿತ್ತು. ಯಾವ ಪೋಲೀಸನೂ ಅದಕ್ಕಾಗಿ ಹಿಡಿಯುವಂತಿರಲಿಲ್ಲ.

ಆದರೆ ಮರೆಗೆ ತೆರಬೇಕಾದ ಬೆಲೆಯೂ ಉಂಟು. ಗುಟ್ಟಿನ ಅರ್ಥವನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು. ೧೯೮೦ರಲ್ಲಿ ಡಯಾನಾ ರಾಸ್ ಹಾಡಿದ "ಐ ಆಮ್ ಕಮಿಂಗ್ ಔಟ್" ಹಾಡನ್ನು ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಬರೆದರು. ನ್ಯೂಯಾರ್ಕಿನ ನೃತ್ಯಶಾಲೆಯೊಂದರಲ್ಲಿ ಡಯಾನಾಳ ವೇಷ ಧರಿಸಿದ ಗಂಡಸರು ಹಲವರನ್ನು ಕಂಡು ಈ ಕಲ್ಪನೆ ಹೊಳೆಯಿತೆಂದು ರಾಜರ್ಸನೇ ಹೇಳಿರುವನು. "ಹೊರಬರುವುದು" ಎಂಬುದಕ್ಕೆ ಆ ಸಮುದಾಯದಲ್ಲಿ ತನ್ನ ಗುಟ್ಟನ್ನು ಲೋಕಕ್ಕೆ ತಿಳಿಸುವುದೆಂಬ ಅರ್ಥವಿರುವುದು ಗಾಯಕಿಗೆ ಮೊದಲು ತಿಳಿದಿರಲಿಲ್ಲ. ತಿಳಿದಾಗ ಅವಳು ಕಳವಳಗೊಂಡಳೆಂದೂ ಅವನ ಹೇಳಿಕೆಯಿಂದ ತಿಳಿಯುವುದು. ಇಲ್ಲಿ ಕವಿಗೆ ಗೊತ್ತು, ಕೇಳುಗರಿಗೆ ಗೊತ್ತು, ನಡುವೆ ನಿಂತು ಹಾಡುವವಳಿಗೆ ಮಾತ್ರ ಗೊತ್ತಿಲ್ಲ! ಆದರೂ ಬಳಿಕ ಅವಳು ತನ್ನ ಕಚೇರಿಗಳನ್ನು ಇದರಿಂದಲೇ ಆರಂಭಿಸುವ ಪದ್ಧತಿಯನ್ನಿಟ್ಟುಕೊಂಡಳು.

"ವೈ.ಎಂ.ಸಿ.ಎ." ಎಂಬ ೧೯೭೮ರ ಹಾಡಿನ ವ್ಯಾಜ್ಯವು ಇನ್ನೂ ಸೂಕ್ಷ್ಮವಾದುದು. ಹಾಡಿದ "ವಿಲೇಜ್ ಪೀಪಲ್" ತಂಡವನ್ನು ಕಟ್ಟಿದ ಜಾಕ್ ಮೊರಾಲಿಯು ಸ್ವತಃ ಸಲಿಂಗಾನುರಾಗಿ. ಗೋವಳ, ಪೋಲೀಸ, ಕಟ್ಟಡದ ಕೂಲಿ ಮೊದಲಾದ ವೇಷಗಳನ್ನು ತೊಡಿಸಿದ್ದು ಮೊದಲಲ್ಲಿ ಅಂಥವರ ನೃತ್ಯಶಾಲೆಗಳ ಮೆಚ್ಚುಗೆಗಾಗಿಯೇ. ಆದರೆ ಮಾತು ಬರೆದು ಹಾಡಿದ ವಿಕ್ಟರ್ ವಿಲಿಸನು ೨೦೨೪ರ ಡಿಸೆಂಬರಿನಲ್ಲಿ ಒಂದು ಪ್ರಕಟಣೆ ಹೊರಡಿಸಿ, ಸಲಿಂಗಾನುರಾಗಿಗಳು ಇದನ್ನು ತಮ್ಮ ಗೀತೆಯೆಂದು ಬಗೆದರೆ ತನ್ನ ಅಡ್ಡಿಯಿಲ್ಲ, ಹಾಡೇ ಅಂಥದೆಂದು ಪತ್ರಿಕೆಗಳು ಬರೆದರೆ ಮಾತ್ರ ಮೊಕದ್ದಮೆ ಹೂಡಲಾಗುವುದೆಂದು ಸಾರಿದನು. ಮಾತಿನ ಅಭಿಪ್ರಾಯವನ್ನು ಹೇಳುವ ಅಧಿಕಾರ ಬರೆದವನಿಗೆ ಉಂಟು. ಅದನ್ನು ನಾವು ಗೌರವಿಸಬೇಕು. ಆದರೆ ಹಾಡೆಂದರೆ ಬರೆದ ಮಾತು ಮಾತ್ರವೇ? ವೇಷ, ಮಟ್ಟು, ಅದು ಮೊದಲು ನುಡಿದ ಸ್ಥಳ, ಕುಣಿದ ಜನ, ಇವೆಲ್ಲ ಮಮ್ಮಟನು ಹೇಳುವ ದೇಶಕಾಲಪ್ರಸಂಗಗಳಲ್ಲವೇ? ಕವಿಯ ಇಂಗಿತವು ಸಾಕ್ಷ್ಯಗಳಲ್ಲಿ ಒಂದು, ಅದೊಂದೇ ತೀರ್ಪಲ್ಲ. ಆದರೂ ಒಂದು ಸಮುದಾಯವು ತನ್ನ ಗೀತೆಯನ್ನು ಇನ್ನೊಬ್ಬರ ದಯೆಯಿಂದ ಇಟ್ಟುಕೊಂಡಿರಬೇಕಾದ ಅವಸ್ಥೆಯು ಸುಖಕರವಲ್ಲವೆಂಬುದನ್ನು ಈ ಪ್ರಸಂಗ ತೋರಿಸಿಕೊಡುವುದು.

ಆದಕಾರಣವೇ ವಾಚ್ಯವಾಗಿ ನುಡಿಯುವ ಹಾಡುಗಳು ಮತ್ತೆ ಹುಟ್ಟಬೇಕಾಯಿತು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಸೌಂದರ್ಯಾಲಂಕಾರದ ಅಂಗಡಿಗಳನ್ನು ನಡೆಯಿಸುತ್ತಿದ್ದ ಬನ್ನಿ ಜೋನ್ಸ್ ಎಂಬ ಮಹಿಳೆಯು ತನ್ನಲ್ಲಿ ದುಡಿಯುತ್ತಿದ್ದ ಸಲಿಂಗಾನುರಾಗಿ ತರುಣರ ಸಂಕಟವನ್ನು ಕಂಡು, ಹುಟ್ಟಿನಿಂದಲೇ ತಾನು ಹೀಗೆ ಎಂಬ ಭಾವದ ಹಾಡೊಂದನ್ನು ಬರೆದಳು. ಅದು ೧೯೭೫ರಲ್ಲಿ ಮೊದಲು ಮುದ್ರಿತವಾಯಿತು. ೧೯೭೭ರಲ್ಲಿ ಕಾರ್ಲ್ ಬೀನ್ ಹಾಡಿದಾಗ ಪ್ರಸಿದ್ಧವಾಯಿತು. ಬೀನನಿಗೆ ಅದು ಬಾಯಿಮಾತಾಗಿ ಉಳಿಯಲಿಲ್ಲ. ಅವನು ಮುಂದೆ ಪಾದ್ರಿಯಾಗಿ, ಲಾಸ್ ಏಂಜೆಲಿಸಿನಲ್ಲಿ ಇಂಥವರಿಗೆ ಬಾಗಿಲು ತೆರೆದ ಕ್ರೈಸ್ತಸಭೆಯನ್ನೂ, ಏಡ್ಸ್ ರೋಗಿಗಳ ಶುಶ್ರೂಷೆಗಾಗಿ ಒಂದು ಸಂಸ್ಥೆಯನ್ನೂ ಸ್ಥಾಪಿಸಿ, ೨೦೨೧ರಲ್ಲಿ ತೀರಿಕೊಂಡನು. ಅದೇ ಭಾವವನ್ನು ಎತ್ತಿಕೊಂಡು ಲೇಡಿ ಗಾಗಾ ೨೦೧೧ರಲ್ಲಿ "ಬಾರ್ನ್ ದಿಸ್ ವೇ" ಹಾಡಿದಳು. ಸಮುದಾಯಗೀತೆಯಾಗಲೆಂದೇ ಸಂಕಲ್ಪಿಸಿ ಕಟ್ಟಿದ ಹಾಡು ಅದು. ಧೈರ್ಯಕ್ಕೆ ನಮ್ಮ ಪ್ರಶಂಸೆಯಿದೆ. ಕಾವ್ಯದೃಷ್ಟಿಯಿಂದ ನೋಡಿದರೆ ಮಾತ್ರ ಅದು ಪಂಗಡಗಳ ಹೆಸರನ್ನು ಸಾಲಾಗಿ ಕೂಗುವ ಯಾದಿಯಾಗಿ ಕೆಲವೆಡೆ ಒಣಗಿರುವುದು. ಹೆಸರು ಹಿಡಿದು ಕರೆದಾಗ ಕರೆಸಿಕೊಂಡವನಿಗೆ ಸಂತೋಷ. ಆದರೆ ಯಾದಿ ಎಷ್ಟು ಉದ್ದವಾದರೂ ಯಾರೋ ಒಬ್ಬರು ಹೊರಗುಳಿಯುವರು. "ನಾನು" ಎಂಬ ಒಂದಕ್ಷರದ ಬಾಗಿಲಿಗೆ ಈ ದೋಷವಿಲ್ಲ.

ಎರಡು ದಾರಿಗಳ ಗುಣಗಳೂ ಕೂಡಿದ ಹಾಡೊಂದುಂಟು. ೧೯೮೩ರಲ್ಲಿ ಬ್ರಾಡ್‌ವೇ ರಂಗವನ್ನೇರಿದ "ಲಾ ಕಾಜ್ ಓ ಫೋಲ್" ಎಂಬ ಸಂಗೀತನಾಟಕಕ್ಕೆ ಜೆರಿ ಹರ್ಮನ್ ಬರೆದ "ಐ ಆಮ್ ವಾಟ್ ಐ ಆಮ್" ಅದು. ಸ್ತ್ರೀವೇಷದ ನಟನಾದ ಆಲ್ಬಿನ್ ತನ್ನ ಜೊತೆಗಾರನ ಮಗನನ್ನು ತಾಯಿಯಂತೆ ಸಾಕಿದವನು. ಆ ಮಗನ ಬೀಗರು ಬರುವ ದಿನ ಮನೆಯಲ್ಲಿ ಕಾಣಿಸಿಕೊಳ್ಳಬಾರದೆಂದು ಅವನಿಗೆ ತಿಳಿಸುವರು. ನಾಟಕದ ಆರಂಭದಲ್ಲಿ ವೇಷಧಾರಿಗಳೆಲ್ಲ ಕೂಡಿ "ನಾವು" ಎಂದು ವಿನೋದವಾಗಿ ಹಾಡಿದ್ದ ಮಟ್ಟನ್ನೇ ಅವನು ಮೊದಲ ಅಂಕದ ಕೊನೆಯಲ್ಲಿ ಎತ್ತಿಕೊಂಡು, ಉಳಿದವರನ್ನು ಕಳುಹಿಸಿ, ಒಬ್ಬನೇ ನಿಂತು "ನಾನು" ಎಂದು ಹಾಡುವನು. ಒಂದು ಸರ್ವನಾಮದ ಬದಲಾವಣೆಯಿಂದ ಹಾಸ್ಯವು ವೀರವಾಯಿತು. ನಾಟಕದಲ್ಲಿ ಅರ್ಥ ವಾಚ್ಯ. ಯಾರ ನೋವೆಂಬುದು ಪ್ರೇಕ್ಷಕರಿಗೆ ಕಣ್ಣೆದುರೇ ಇದೆ. ಅದೇ ಹಾಡನ್ನು ಗ್ಲೋರಿಯಾ ಗೇನರ್ ನೃತ್ಯಗೀತೆಯಾಗಿ ಹಾಡಿದಾಗ ಕಥೆ ಕಳಚಿಹೋಗಿ "ನಾನು" ಮಾತ್ರ ಉಳಿಯಿತು, ಅದು ಎಲ್ಲರದಾಯಿತು. ಹುಟ್ಟಿನಲ್ಲಿ ಅಂಜಿಕೆಯಿಲ್ಲ, ಹರಡುವುದರಲ್ಲಿ ಅಡ್ಡಿಯಿಲ್ಲ. ನಮ್ಮ ಅಭಿಪ್ರಾಯದಲ್ಲಿ ಈ ವರ್ಗದ ಹಾಡುಗಳಲ್ಲಿ ಅಗ್ರಸ್ಥಾನವು ಇದಕ್ಕೆ ಸಲ್ಲಬೇಕು.

ಇಷ್ಟರಿಂದ ವಿಮರ್ಶಕನ ಕರ್ತವ್ಯವು ಸ್ಪಷ್ಟವಾಗುವುದೆಂದು ನಂಬುವೆವು. ಜನರು ಒಂದು ಹಾಡನ್ನು ತಮ್ಮದೆಂದಾಗ ನಗುವುದಾಗಲಿ ಕಣ್ಣುಮುಚ್ಚಿ ತಲೆದೂಗುವುದಾಗಲಿ ಅವನಿಗೆ ತಕ್ಕುದಲ್ಲ. ಆ ಅರ್ಥಕ್ಕೆ ಮಾತಿನಲ್ಲಿ ಎಡೆಯಿದೆಯೇ, ಮಟ್ಟಿನಲ್ಲಿ ಬೆಂಬಲವಿದೆಯೇ, ಮರೆಯ ಅವಶ್ಯಕತೆ ತೀರಿದ ಮೇಲೆಯೂ ಹಾಡು ಬಾಳುವುದೇ, ಎಂಬ ಮೂರನ್ನು ಅವನು ವಿಚಾರಿಸಬೇಕು. ಕಾಮನಬಿಲ್ಲಿನ ಹಾಡೂ ಬದುಕಿ ಉಳಿಯುವ ಹಾಡೂ ಮೂರರಲ್ಲಿಯೂ ಗೆದ್ದಿವೆ. ಶಾಸನಗಳು ಸಡಿಲಿದ ನಾಡುಗಳಲ್ಲಿ ಈಗ ನೇರವಾಗಿ ನುಡಿಯುವ ಹಾಡುಗಳು ಬೇಕಷ್ಟಿರುವುವು. ಅದು ಸಂತೋಷದ ಸಂಗತಿ. ಆದರೆ ಇಂದಿಗೂ ೬೦ಕ್ಕೂ ಹೆಚ್ಚು ದೇಶಗಳಲ್ಲಿ ಸಲಿಂಗಸಂಬಂಧವು ದಂಡನೀಯವಾಗಿಯೇ ಇದೆ. ಅಂಥ ಒಂದು ಊರಿನಲ್ಲಿ, ಮನೆಮಂದಿಯ ನಡುವೆ, ಬಾಗಿಲು ತೆರೆದಿಟ್ಟೇ ಗುನುಗಬಹುದಾದ ಹಾಡೊಂದು ಬೇಕಾದವರು ಇನ್ನೂ ಇರುವರು. ಅವರ ಪಾಲಿಗೆ ಧ್ವನಿಯೆಂಬುದು ಪಂಡಿತರ ಚರ್ಚೆಯ ವಿಷಯವಲ್ಲ, ದಿನದ ಆಸರೆ.